ಮಧ್ಯಮ ತೂಕದ ಅಡ್ವೆಂಚರ್ ಬೈಕು: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ರೋಲ್ ಬಂಕಿನಲ್ಲಿ, ಚಹಾದಂಗಡಿ ಮುಂದೆ, ಮದುವೆ ಮನೆಯ ಹಂದರದ ಬಾಜೂಕ್ಕೆ, ಹೀಗೆ ಟಾರ್ ರಸ್ತೆಗೂ ಮಣ್ಣಿನ ದಾರಿಗೂ ಆಗುವ ಈ ಅಡ್ವೆಂಚರ್ ಬೈಕು ನಿಲ್ಲಿಸಿದ ಕಡೆಯೆಲ್ಲ ಯಾರಾದರೊಬ್ಬರು ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿ ಕೊಟ್ಟಿರುವ ಬೆಲೆಗಳು ಆಯಾ ಬೈಕು ಮಾರುಕಟ್ಟೆಗೆ ಬಂದಾಗಿನವು. ಇವತ್ತಿನ ರೇಟು ಶೋರೂಮಿನಲ್ಲೇ ಕೇಳಿಕೊಳ್ಳಿ.

ಅಣ್ಣಾ, ಮೈಲೇಜ್ ಎಷ್ಟು ಕೊಡ್ತೈತಿ?

ಬೆಲೆಗಿಂತ ಮೊದಲು ಬರುವ ಪ್ರಶ್ನೆ ಇದು. 400–450 ಸಿಸಿಯ ಸಿಂಗಲ್ ಸಿಲಿಂಡರ್ ಬೈಕನ್ನು 80ರ ಆಸುಪಾಸಿನಲ್ಲಿ ಓಡಿಸಿದರೆ ಲೀಟರಿಗೆ 25ರಿಂದ 30 ಕಿ.ಮೀ. ಸಿಗುತ್ತದೆ. 110ರಲ್ಲಿ ಎಳೆದರೆ ಇನ್ನೂ ಇಳಿಯುತ್ತದೆ. 650–800 ಸಿಸಿಯ ಎರಡು ಸಿಲಿಂಡರಿನ ಬೈಕಿಗೆ 20ರ ಆಸುಪಾಸು ಅಂದುಕೊಳ್ಳಿ. ಸ್ಪ್ಲೆಂಡರ್ ಲೆಕ್ಕದಲ್ಲಿ ನೋಡಿದರೆ ಇದು ಕೈ ಕಚ್ಚುವ ವಿಷಯವೇ. ಆದರೆ ದೂರ ಹೋಗುವವರಿಗೆ ಮೈಲೇಜಿಗಿಂತ ಟ್ಯಾಂಕು ಮುಖ್ಯ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ 17 ಲೀಟರ್, ಕೆಟಿಎಂ 390 ಅಡ್ವೆಂಚರಿಗೆ 14.5, ಸುಜುಕಿ ವಿ-ಸ್ಟ್ರಾಮ್ 800ಡಿಇಗೆ 20, ಕವಾಸಕಿ ವರ್ಸಿಸ್ 650ಕ್ಕೆ 21 ಲೀಟರ್ ಹಿಡಿಸುತ್ತದೆ. ಬಳ್ಳಾರಿಯಲ್ಲಿ ಫುಲ್ ಮಾಡಿಸಿ ಬೆಂಗಳೂರು ಮುಟ್ಟುವವರೆಗೆ ಇವುಗಳಲ್ಲಿ ಯಾವುದಕ್ಕೂ ಮತ್ತೆ ಬಂಕು ಹುಡುಕಬೇಕಾಗಿಲ್ಲ.

ಮಧ್ಯಮ ತೂಕ ಅಂದ್ರ ಎಷ್ಟು ಸಿಸಿ?

ಯುರೋಪಿನವರು 1200–1300 ಸಿಸಿಯವನ್ನು ದೊಡ್ಡವು ಎಂದು ಕರೆದು, 650ರಿಂದ 900ರವರೆಗಿನವನ್ನು ಮಧ್ಯಮ ಸಾಲಿಗೆ ಹಾಕುತ್ತಾರೆ. ನಮ್ಮಲ್ಲಿ 110 ಸಿಸಿಯೇ ಮನೆಮನೆಯ ಗಾಡಿ ಆಗಿರುವುದರಿಂದ 400 ದಾಟಿದ್ದೆಲ್ಲ ಈ ಸಾಲಿಗೆ ಸೇರುತ್ತದೆ. ಈ ಬರಹದಲ್ಲಿ ಸುಮಾರು 400ರಿಂದ 800 ಸಿಸಿವರೆಗಿನವನ್ನು ಒಟ್ಟಿಗೆ ನೋಡಿದ್ದೇನೆ.

ಹೋಂಡಾ ಎನ್‌ಎಕ್ಸ್500 ಬೈಕಿಗೆ 471 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇದ್ದೂ ಶಕ್ತಿ 47.5 ಪಿಎಸ್‌ಗೇ ಯಾಕೆ ನಿಲ್ಲುತ್ತದೆ ಎಂದು ಕೆಲವರು ಕೇಳುತ್ತಾರೆ. ಯುರೋಪಿನ ಹೊಸ ಸವಾರರ ಎ2 ಲೈಸೆನ್ಸಿಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47.5 ಪಿಎಸ್ ಮಿತಿ ಇದೆ. ಆ ಮಿತಿಗೆ ಹೊಂದುವ ಹಾಗೆ ಆ ಬೈಕು ತಯಾರಾಗಿದೆ. ನಮ್ಮ ದೇಶದಲ್ಲಿ ಅಂಥ ಕಟ್ಟಳೆ ಇಲ್ಲ. ಗೇರ್ ಬೈಕಿನ ಲೈಸೆನ್ಸ್ ಒಂದಿದ್ದರೆ 100 ಸಿಸಿಯೂ ಸೈ, 1300 ಸಿಸಿಯೂ ಸೈ. ನನ್ನ ಕೇಳಿದರೆ ಅದೇನೂ ಒಳ್ಳೆಯದಲ್ಲ.

ಇಂಥ ಬೈಕು ಶುರುವಾಗಿದ್ದು ಎಲ್ಲಿಂದ?

1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಹೊರಟು ಸಹಾರಾ ದಾಟಿ ಡಕಾರ್ ಮುಟ್ಟುವ ರ‍್ಯಾಲಿ ಮೊದಲಾಯಿತು. 1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಬಂತು. ಟಾರ್ ರಸ್ತೆಗೂ ಮಣ್ಣಿನ ದಾರಿಗೂ ಒಂದೇ ದೊಡ್ಡ ಬೈಕು ಎಂಬ ಯೋಚನೆ ಗಟ್ಟಿಯಾಗಿದ್ದು ಅಲ್ಲಿಂದ. 1983ರ ಯಮಹಾ ಟೆನೆರೆ, 1987ರ ಹೋಂಡಾ ಟ್ರಾನ್ಸಾಲ್ಪ್ ಮಧ್ಯಮ ಸಾಲಿನ ದಾರಿ ಹಾಕಿದವು. ನಮ್ಮ ದೇಶದಲ್ಲಿ ಇದು ಸಾಮಾನ್ಯರ ಕೈಗೆ ಎಟುಕಿದ್ದು 2016ರಲ್ಲಿ, ರಾಯಲ್ ಎನ್‌ಫೀಲ್ಡಿನ 411 ಸಿಸಿ ಹಿಮಾಲಯನ್ ಬಂದ ಮೇಲೆ. 2020ರ ಜನವರಿಯಲ್ಲಿ ಕೆಟಿಎಂ 390 ಅಡ್ವೆಂಚರ್ ಬಂತು. 2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450ರಲ್ಲಿ ಎಂಜಿನ್ನೇ ಹೊಸದು: 452 ಸಿಸಿ, ಲಿಕ್ವಿಡ್ ಕೂಲ್ಡ್, 40 ಪಿಎಸ್.

ಲಡಾಖಿಗೆ ಹೋಗೋರಿಗೆ ಬೇಕಾದ ಗಾಡಿ ಇದು. ನಮ್ಮ ಊರಾಗ ಇದ್ರಿಂದ ಏನ್ ಉಪಯೋಗ?

ನಮ್ಮ ಊರಿನಲ್ಲಿಯೇ ಇದರ ಉಪಯೋಗ ಜಾಸ್ತಿ ಎಂಬುದು ನನ್ನ ವಾದ. ಲಡಾಖಿನ ರಸ್ತೆಗಳು ಈಗ ನಮ್ಮ ಎಷ್ಟೋ ಹಳ್ಳಿ ರಸ್ತೆಗಿಂತ ಚೆನ್ನಾಗಿವೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ನಾಟಿಯ ಹೊತ್ತಿಗೆ ಬಂದು ನೋಡಿ. ಗದ್ದೆಯಲ್ಲಿ ಕೆಸರು ಮಾಡಿದ ಟ್ರ್ಯಾಕ್ಟರು ಕಬ್ಬಿಣದ ಕೇಜ್ ವೀಲ್ ಬಿಚ್ಚದೇ ಹಾಗೇ ರಸ್ತೆಗೆ ಹತ್ತುತ್ತದೆ. ಹೊಸ ಟಾರಿನ ಮೇಲೆ ಅಡ್ಡಡ್ಡ ಗೀರು ಬಿದ್ದು, ಒಂದು ಮಳೆ ಕಳೆದರೆ ಗೀರುಗಳೇ ಗುಂಡಿಗಳಾಗುತ್ತವೆ. ಆಮೇಲೆ ಕೊಯ್ಲು. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ರಾಯಚೂರು ಕಡೆಯ ಒಳದಾರಿಗಳಲ್ಲಿ ಜೋಳ, ತೊಗರಿಯ ಒಕ್ಕಣೆ ಟಾರಿನ ಮೇಲೆಯೇ ನಡೆಯುತ್ತದೆ. ಊರಿಗೆ ಮೂರರಂತೆ ಹಂಪುಗಳು, ಬಣ್ಣವೂ ಇಲ್ಲ ಬೋರ್ಡೂ ಇಲ್ಲ. ಸಂಡೂರು, ತೋರಣಗಲ್ಲು ಭಾಗದಲ್ಲಿ ಅದಿರಿನ ಲಾರಿ ಓಡಿ ಓಡಿ ರಸ್ತೆ ಎರಡು ಚಡಿಗಳಾಗಿ ಕುಸಿದಿರುತ್ತದೆ, ನಡುವೆ ದಿಬ್ಬ, ಮೇಲೆ ಕೆಂಪು ಪುಡಿ.

ಇಂಥ ಕಡೆ ಈ ಬೈಕು ಏನು ಮಾಡುತ್ತದೆ? ಸಾಮಾನ್ಯ ಬೈಕಿನ ಮುಂದಿನ ಶಾಕಪ್ ಒಂದು ಕುಳಿಗೆ ಬಿದ್ದಾಗ 120–130 ಮಿ.ಮೀ. ಒಳಗೆ ಹೋಗಿ ತಳ ಬಡಿಯುತ್ತದೆ. ಹಿಮಾಲಯನ್ 450ರಲ್ಲಿ ಹಿಂದೆ ಮುಂದೆ ಎರಡೂ ಕಡೆ 200 ಮಿ.ಮೀ., ವಿ-ಸ್ಟ್ರಾಮ್ 800ಡಿಇಯಲ್ಲಿ 220 ಮಿ.ಮೀ. ಜಾಗ ಇರುತ್ತದೆ. ಮುಂದಿನ ಗಾಲಿ 21 ಇಂಚಿನದಾದ್ದರಿಂದ ಗುಂಡಿಯ ಅಂಚಿಗೆ ಗುದ್ದುವ ಬದಲು ಅದನ್ನು ಹತ್ತಿ ಇಳಿಯುತ್ತದೆ. ಹ್ಯಾಂಡಲ್ ಅಗಲ, ಆದ್ದರಿಂದ ಜಲ್ಲಿಯಲ್ಲಿ ಗಾಲಿ ಅತ್ತಿತ್ತ ಹೊರಳಿದರೂ ಹಿಡಿತ ತಪ್ಪುವುದಿಲ್ಲ. ಬೆನ್ನು ನೆಟ್ಟಗಿರುತ್ತದೆ, ಕಣ್ಣು ಎತ್ತರದಲ್ಲಿರುತ್ತದೆ, ಮುಂದಿನ ಟ್ರ್ಯಾಕ್ಟರಿನ ಟ್ರೇಲರ್ ದಾಟಿ ರಸ್ತೆ ಕಾಣುತ್ತದೆ. ದಿನಾ ಐವತ್ತು ಅರವತ್ತು ಕಿ.ಮೀ. ಇಂಥ ರಸ್ತೆಯಲ್ಲಿ ಹೋಗಿಬರುವ ಮಾಸ್ತರರು, ಗೊಬ್ಬರ ಅಂಗಡಿಯ ಸೇಲ್ಸಿನವರು, ಹೊಲ ಒಂದೂರಲ್ಲಿ ಮನೆ ಒಂದೂರಲ್ಲಿ ಇರುವವರು ಸಂಜೆ ಸೊಂಟ ಹಿಡಿದುಕೊಂಡು ಕೂರುವುದಿಲ್ಲ ಎಂಬುದೇ ಇದರ ದೊಡ್ಡ ಬೆಲೆ.

ನೀವು ಓಡಾಡುವುದು ಊರೊಳಗೆ ಮಾತ್ರವಾದರೆ, ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಷ್ಟೇ ಆದರೆ, ಇದು ಬೇಡ. ರಾಯಚೂರಿನ ತೀನ್ ಕಂದೀಲಿನ ಗದ್ದಲದಲ್ಲಿ ಹಿಮಾಲಯನ್ 450ರಂಥ 196 ಕಿಲೋ ಬೈಕು ಹೊರಳಿಸುವುದು ಸುಖದ ಕೆಲಸವಲ್ಲ.

ಎರಿ ಮಣ್ಣಿನಾಗ ಹೋಗ್ತದೇನ್ರಿ?

ಒಣಗಿದ್ದಾಗ ಹೋಗುತ್ತದೆ. ಹಸಿ ಇದ್ದಾಗ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಹೀರಾತಿನ ಕೆಸರು ಬೇರೆ, ನಮ್ಮ ಎರೆ ಮಣ್ಣು ಬೇರೆ.

ಕಾಲುವೆ ದಂಡೆಯ ದಾರಿಯಲ್ಲಿ ಒಂದು ಹದ ಮಳೆ ಆಗಿದೆ ಎಂದಿಟ್ಟುಕೊಳ್ಳಿ. ಮೊದಲ ಹತ್ತು ಮಾರು ಏನೂ ಅನಿಸುವುದಿಲ್ಲ. ಆಮೇಲೆ ಟೈರಿನ ಗುಂಡಿಗಳೆಲ್ಲ ತುಂಬಿ ಟೈರು ನುಣ್ಣಗಾಗುತ್ತದೆ. ಅದರ ಮೇಲೆ ಇನ್ನೊಂದು ಪದರ, ಅದಕ್ಕೆ ಹುಲ್ಲು, ಸಣ್ಣ ಹರಳು ಹತ್ತಿಕೊಂಡು ಗಾಲಿ ದಪ್ಪವಾಗುತ್ತಾ ಹೋಗಿ ಮಡ್‌ಗಾರ್ಡಿಗೆ ತಾಗುತ್ತದೆ. ಕಡೆಗೆ ಮುಂದಿನ ಗಾಲಿ ತಿರುಗುವುದೇ ಇಲ್ಲ, ಜಾರುತ್ತದೆ. ಹಿಂದಿನದು ನಿಂತಲ್ಲೇ ತಿರುಗಿ ತಗ್ಗು ತೋಡುತ್ತದೆ. ಆಗ ಬೈಕಿನ ಹೆಸರು ಯಾವುದಾದರೂ ಒಂದೇ: ಇಳಿದು, ತೊಗರಿ ಕಟ್ಟಿಗೆ ಹಿಡಿದು ಮಡ್‌ಗಾರ್ಡ್ ಸಂದಿಯಿಂದ ಮಣ್ಣು ಕೀಳುತ್ತಾ ಕೂರಬೇಕು.

ಅಡ್ವೆಂಚರ್ ಬೈಕಿನ ಮುಂದೆ ಕೊಕ್ಕಿನ ಹಾಗೆ ಚಾಚಿದ ಭಾಗ ಇರುತ್ತದಲ್ಲ, ಮಣ್ಣು ಸಿಕ್ಕಿಕೊಳ್ಳದಿರಲಿ ಎಂದೇ ಮೊದಲು ಅದು ಬಂದದ್ದು. ಈಗಿನ ಬಹಳಷ್ಟು ಬೈಕುಗಳಲ್ಲಿ ಕೊಕ್ಕು ನೋಟಕ್ಕೆ ಮಾತ್ರ. ಅದರ ಕೆಳಗೆ ಟೈರಿಗೆ ಅಂಟಿದಂತೆ ಇನ್ನೊಂದು ಮಡ್‌ಗಾರ್ಡ್ ಇದ್ದೇ ಇರುತ್ತದೆ. ಮಸಾರಿ ಮಣ್ಣು, ಗರಸು, ಮರಳಿನಲ್ಲಿ ಈ ಬೈಕುಗಳು ಚೆನ್ನಾಗಿ ಹೋಗುತ್ತವೆ. ಎರೆಯಲ್ಲಿ ಮಾತ್ರ ಒಂದು ಬಿಸಿಲು ಕಾಯುವುದೇ ವಾಸಿ. ರೈತರಿಗೆ ಇದು ಗೊತ್ತು, ಬೈಕಿನ ಹುಡುಗರಿಗೆ ಹೇಳಬೇಕಾಗುತ್ತದೆ.

ಬುಲೆಟ್ ಇರೋವಾಗ ಇದ್ಯಾಕ್ರೀ?

ಬುಲೆಟ್ಟಿನ ಗತ್ತೇ ಬೇರೆ, ಅದರ ಬಗ್ಗೆ ಜಗಳ ಇಲ್ಲ. ರಸ್ತೆ ಚೆನ್ನಾಗಿದ್ದರೆ, 70–80ರಲ್ಲಿ ಹಾಯಾಗಿ ಹೋಗುವವರಾದರೆ ಬುಲೆಟ್ ಸಾಕು. ರಸ್ತೆ ಕೆಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. ಅದು ಗುಂಡಿ ನೋಡಿ ನಿಧಾನ ಮಾಡಿಸುತ್ತದೆ, ಇದು ಅಷ್ಟು ನಿಧಾನ ಮಾಡಿಸುವುದಿಲ್ಲ.

ಬೆಲೆ ಇಷ್ಟ್ಯಾಕ? 2.69 ಲಕ್ಷ ಅಂದಿದ್ರು, ನಾಲ್ಕರ ಹತ್ರ ಹೇಳ್ತಾರಲ್ಲ!

ಹಿಮಾಲಯನ್ 450 ಬಂದಾಗ 2.69 ಲಕ್ಷದಿಂದ ಶುರುವಾಗಿತ್ತು, ನಿಜ. ಅದು ಎಕ್ಸ್ ಶೋರೂಮ್ ಬೆಲೆ (ರಾಜ್ಯದ ತೆರಿಗೆ, ವಿಮೆ ಸೇರದ್ದು), ಪರಿಚಯದ ಬೆಲೆ. ಆಮೇಲೆ ನಡೆದದ್ದು ಜಿಎಸ್‌ಟಿ ಬದಲಾವಣೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. 350 ದಾಟಿದವಕ್ಕೆ ಮೊದಲು ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ಕಂಪನಿ ಪೂರ್ತಿ ವರ್ಗಾಯಿಸಿದರೆ ಕೆಳಗಿನ ಸಾಲಿನ ಬೆಲೆ ಸುಮಾರು ಶೇ 8 ಇಳಿಯಬೇಕು, ಮೇಲಿನ ಸಾಲಿನದು ಸುಮಾರು ಶೇ 7 ಏರಬೇಕು. ಮಧ್ಯಮ ತೂಕದ ಅಡ್ವೆಂಚರ್ ಬೈಕು ಬಹುಪಾಲು ಆ ಗೆರೆಯ ಆಚೆಗೇ ಇವೆ. ಐಷಾರಾಮಿ ಕಾರಿಗೆ ಹಾಕುವ ತೆರಿಗೆಯನ್ನು 452 ಸಿಸಿ ಬೈಕಿಗೂ ಹಾಕಿದ್ದು ನನಗಂತೂ ಸರಿ ಕಾಣುವುದಿಲ್ಲ.

ಇದಾದ ಮೇಲೆ ರಾಜ್ಯದ ಪಾಲು. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಮೂರು ಲಕ್ಷದ ಬೈಕು ಅಂದರೆ ತೆರಿಗೆಯೇ 54,000. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 150ರಿಂದ 350 ಸಿಸಿಗೆ 7,365 ರೂಪಾಯಿ, 350 ದಾಟಿದರೆ 15,117 ರೂಪಾಯಿ, ಜೊತೆಗೆ ತೆರಿಗೆ. ಸ್ವಂತ ಬೈಕಿನ ಹಾನಿಗೆ ಮಾಡಿಸುವ ವಿಮೆ ಬೇರೆ. ಹೀಗೆ ಒಂದರ ಮೇಲೊಂದು ಕೂಡಿ ಆನ್ ರೋಡ್ ಬೆಲೆ ಅಲ್ಲಿಗೆ ಮುಟ್ಟುತ್ತದೆ.

ಸಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೂರು ಲಕ್ಷ ಸಾಲ, ಮೂರು ವರ್ಷ, ಶೇ 11 ಬಡ್ಡಿ ಅಂದರೆ ತಿಂಗಳ ಕಂತು ಸುಮಾರು 9,800. ಈ ಕಂತಿನ ಜೊತೆಗೆ ಹೆಲ್ಮೆಟ್, ಜಾಕೆಟ್, ವರ್ಷಕ್ಕೊಮ್ಮೆ ಟೈರು ಚೈನಿನ ಖರ್ಚು ತೂಗುವಂತಿದ್ದರೆ ಮಾತ್ರ ಮುಂದುವರಿಯಿರಿ. ಫಸಲಿನ ದುಡ್ಡು ಬರುವ ಮನೆಯವರು ತಿಂಗಳ ಕಂತಿಗೆ ಒಪ್ಪಿಕೊಳ್ಳುವ ಮುಂಚೆ ಇನ್ನೊಮ್ಮೆ ಯೋಚನೆ ಮಾಡಬೇಕು.

ರಾಯಚೂರಿನವರು ಹೈದರಾಬಾದಿನಲ್ಲಿ ತಗೊಂಡರೆ ಅಗ್ಗವಾಗುತ್ತದೆಯೇ ಎಂದು ಕೇಳುತ್ತಾರೆ. ಕೆಎ-36 ನಂಬರು ಬೇಕೆಂದರೆ ಎನ್‌ಒಸಿ ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅಲ್ಲಿನ ತೆರಿಗೆ ವಾಪಸ್ ಪಡೆಯಲು ಎಷ್ಟು ಸಲ ಓಡಾಡಬೇಕೆಂದು ನೋಡಿದರೆ ಆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ.

ಹಾಗಾದ್ರ 300 ಸಿಸಿ ತಗೊಂಡ್ರ ಸಾಕಲ್ಲ?

ಬಹಳ ಮಂದಿಗೆ ಸಾಕು. 2025ರ ಅಕ್ಟೋಬರಿನಲ್ಲಿ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300 ಬಂತು: 299 ಸಿಸಿ, 36 ಪಿಎಸ್, 1.99 ಲಕ್ಷದಿಂದ ಬೆಲೆ ಶುರು. ಜಿಎಸ್‌ಟಿ ಗೆರೆಯ ಈಚೆ ಇರುವುದರಿಂದ ಅದಕ್ಕೂ 400ಕ್ಕೂ ನಡುವಿನ ಅಂತರ ಒಂದು ಎಮ್ಮೆ ಬರುವಷ್ಟಿದೆ. ನಿಮ್ಮ ಓಟ ಹೆಚ್ಚಾಗಿ ಟಾರಿನ ಮೇಲೆ, ಆಗಾಗ ಹಳ್ಳಿ ರಸ್ತೆ, ಒಬ್ಬರೇ ಸವಾರಿ ಎಂದರೆ ಅಲ್ಲಿಗೇ ನಿಲ್ಲಿಸಿ. ಇಬ್ಬರು ಕೂತು, ಸಾಮಾನು ಕಟ್ಟಿಕೊಂಡು, ಚತುಷ್ಪಥದಲ್ಲಿ ಇಡೀ ದಿನ 100ರಲ್ಲಿ ಹೋಗುವವರಿಗೆ 400–450ರ ಅನುಕೂಲ ಗೊತ್ತಾಗುತ್ತದೆ.

ಅದಕ್ಕೂ ಮೇಲಿನ ಮೆಟ್ಟಿಲು ಎರಡು ಸಿಲಿಂಡರಿನವು. ಎನ್‌ಎಕ್ಸ್500 2024ರ ಜನವರಿಯಲ್ಲಿ 5.90 ಲಕ್ಷಕ್ಕೆ ಬಂತು, ವಿ-ಸ್ಟ್ರಾಮ್ 800ಡಿಇ ಅದೇ ವರ್ಷ 10.30 ಲಕ್ಷಕ್ಕೆ. ಟ್ರಾನ್ಸಾಲ್ಪ್ 750 ಅದಕ್ಕಿಂತ ಸ್ವಲ್ಪ ಮೊದಲು ಸುಮಾರು 11 ಲಕ್ಷಕ್ಕೆ ಬಂದಿತ್ತು. ಸಿಂಗಲ್ ಸಿಲಿಂಡರಿನಲ್ಲಿ ಹೊತ್ತು ಕಳೆದಂತೆ ಕೈಗೆ ಕಾಲಿಗೆ ಬರುವ ಜುಮ್ಮು ಇವುಗಳಲ್ಲಿ ಇರುವುದಿಲ್ಲ, ಓವರ್‌ಟೇಕಿಗೆ ಗೇರ್ ಇಳಿಸುವ ಗೊಡವೆ ಕಡಿಮೆ. ಸುಖ ಇದೆ, ಆದರೆ ಮೊದಲ ಮೂರು ಲಕ್ಷಕ್ಕೆ ಸಿಕ್ಕಷ್ಟು ಸುಖ ಮುಂದಿನ ಏಳು ಲಕ್ಷಕ್ಕೆ ಸಿಗುವುದಿಲ್ಲ. ಹತ್ತು ಲಕ್ಷದ ಬೈಕು ಶೋಕಿಯದು, ಅದನ್ನು ಶೋಕಿ ಎಂದೇ ಹೇಳಿ ತಗೊಂಡರೆ ತಪ್ಪೇನಿಲ್ಲ.

ಪವರ್ ಜಾಸ್ತಿ ಇರೋದು ತಗೊಳ್ಲೋ, ಹಗುರ ಇರೋದು ತಗೊಳ್ಲೋ?

ಹಗುರ. ನಮ್ಮ ರಸ್ತೆಯಲ್ಲಿ 40 ಪಿಎಸ್ಸನ್ನೇ ಪೂರ್ತಿ ಬಳಸುವ ಜಾಗ ಕಡಿಮೆ. ತೂಕ ಮಾತ್ರ ಪ್ರತಿ ದಿನ, ಪ್ರತಿ ತಿರುವು, ಪ್ರತಿ ಪಾರ್ಕಿಂಗಿನಲ್ಲಿ ಎದುರಿಗೆ ಬರುತ್ತದೆ.

ರಾಯಚೂರಿನ ಬ್ಯಾಸಿಗ್ಯಾಗ ಎಂಜಿನ್ ತಡೀತದೇನು?

ಎಂಜಿನ್ ತಡೆಯುತ್ತದೆ, ಸವಾರ ತಡೆಯುವುದು ಕಷ್ಟ. ಮೇ ತಿಂಗಳಲ್ಲಿ 40 ದಾಟಿದ ಬಿಸಿಲು, ಬಳ್ಳಾರಿ ರಾಯಲ್ ಸರ್ಕಲಿನ ಸಿಗ್ನಲ್ಲು. ಆಗ ರೇಡಿಯೇಟರ್ ಫ್ಯಾನು ಜೋರಾಗಿ ತಿರುಗಿ ಬಿಸಿಗಾಳಿಯನ್ನು ನೇರ ಮೊಣಕಾಲಿಗೆ ಬಿಡುತ್ತದೆ. ಎಷ್ಟೋ ಜನ ಗಾಬರಿಯಾಗಿ ಗ್ಯಾರೇಜಿಗೆ ಒಯ್ಯುತ್ತಾರೆ. ಅದು ಕೆಟ್ಟದ್ದಲ್ಲ, ಫ್ಯಾನು ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ಚಿಂತೆ ಮಾಡಬೇಕಾದದ್ದು ಮೀಟರಿನಲ್ಲಿ ಕೆಂಪು ದೀಪ ಬಂದರೆ.

ನಮ್ಮ ಕಡೆಯ ಒಂದು ವಿಶೇಷ ತೊಂದರೆ ಭತ್ತದ ಹೊಟ್ಟು. ಕೊಯ್ಲಿನ ಕಾಲಕ್ಕೆ ಗಂಗಾವತಿ–ಸಿಂಧನೂರು ದಾರಿಯಲ್ಲಿ ಹೋದರೆ ರೇಡಿಯೇಟರ್ ಜಾಲರಿಗೆ ಹೊಟ್ಟು, ಹುಳ ಮೆತ್ತಿಕೊಂಡು ಗಾಳಿ ಹಾಯುವುದಿಲ್ಲ. ಎಂಜಿನ್ ಆರಿದ ಮೇಲೆ ಮೆತ್ತನೆಯ ಬ್ರಷ್ ಆಡಿಸಿ, ನಿಧಾನ ನೀರು ಬಿಡಿ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹಿಡಿಸಬೇಡಿ, ಆ ತೆಳು ತಗಡು ಮಡಚಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು: ಟಾರು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ಒಳಗೆ ಇಳಿಯುತ್ತದೆ. ನೀವು ಮಜ್ಜಿಗೆ ಕುಡಿಯುವಷ್ಟರಲ್ಲಿ ಬೈಕು ಮಲಗಿರುತ್ತದೆ. ಅಂಗೈಯಗಲದ ಶಹಾಬಾದ್ ಕಲ್ಲಿನ ಚೂರೊಂದು ಬ್ಯಾಗಿನಲ್ಲಿರಲಿ.

ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ನಿಲ್ಲಿಸಾಕ ಆಗತೈತೇನು?

ಹಿಮಾಲಯನ್ 450ರ ಸೀಟು 825 ಮತ್ತು 845 ಮಿ.ಮೀ. ನಡುವೆ ಎರಡು ಎತ್ತರಕ್ಕೆ ಕೂರುತ್ತದೆ. ಹಳೆಯ 411ರದು 800. ಎರಡೂ ಕಾಲು ಪೂರ್ತಿ ಊರಬೇಕು ಎಂಬ ಹಟ ಬಿಡಿ. ಒಂದು ಕಡೆ ಸ್ವಲ್ಪ ಜಾರಿ ಎಡಗಾಲಿನ ಪಾದ ಊರಿದರೆ ಸಾಕು, ಬಲಗಾಲು ಬ್ರೇಕಿನ ಮೇಲಿರಲಿ. ಸೀಟಿನ ಎತ್ತರಕ್ಕಿಂತ ಸೀಟಿನ ಅಗಲ ಕಾಡುತ್ತದೆ, ಅದಕ್ಕೇ ಕಾಗದದ ಮೇಲಿನ ಅಂಕಿ ನಂಬದೆ ಕೂತು ನೋಡಿ. ಶಾಕಪ್ ಇಳಿಸಿ ಬೈಕನ್ನೇ ಗಿಡ್ಡ ಮಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಯಾವುದಕ್ಕಾಗಿ ದುಡ್ಡು ಕೊಟ್ಟಿರೋ ಅದನ್ನೇ ಕಡಿಮೆ ಮಾಡಿಸಿದಂತಾಯಿತು. ಹೆಣ್ಣುಮಕ್ಕಳೂ ಈ ಪ್ರಶ್ನೆ ಕೇಳುತ್ತಾರೆ, ಉತ್ತರ ಅವರಿಗೂ ಇದೇ.

ಮನಿಯವ್ರು ಹಿಂದ ಕೂತ್ರ?

ಚೂಡಿದಾರ, ಪ್ಯಾಂಟು ಹಾಕಿ ಎರಡೂ ಕಡೆ ಕಾಲು ಬಿಟ್ಟು ಕೂರುವವರಿಗೆ ಸೀಟು ಅಗಲವಾಗಿದೆ, ಹಿಡಿಯಲು ಕಂಬಿ ಇದೆ, ಕುಲುಕಾಟ ಕಡಿಮೆ. ಸೀರೆ ಉಟ್ಟು ಒಂದು ಕಡೆ ಕೂರುವುದು ಕಷ್ಟ: ಸೀಟು ಎತ್ತರ, ಸೈಲೆನ್ಸರ್ ಬಿಸಿ, ಪ್ಯಾನಿಯರ್ (ಪಕ್ಕಕ್ಕೆ ಕಟ್ಟುವ ಸಾಮಾನಿನ ಡಬ್ಬಿ) ಇದ್ದರೆ ಜಾಗವೇ ಇಲ್ಲ. ಮೊಣಕಾಲು ನೋವಿರುವ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಸ್ಕೂಟರೇ ಮೇಲು. ಮನೆಯಲ್ಲಿ ಇರುವ ಒಂದೇ ಗಾಡಿ ಇದಾಗುವುದಾದರೆ ಈ ಮಾತನ್ನು ಮೊದಲೇ ಮನೆಯಲ್ಲಿ ಆಡಿ ಮುಗಿಸಿ.

ಪಂಕ್ಚರ್ ಆದ್ರ?

ಆಗುತ್ತದೆ. ಬಳ್ಳಾರಿ ಜಾಲಿ ಎಂದು ಊರಿನ ಹೆಸರೇ ಹೊತ್ತ ಗಿಡ ಇರುವ ನಾಡು ನಮ್ಮದು. ರಸ್ತೆ ಬದಿ ಜಾಲಿ ಕಡಿದು ಹಾಕಿದ ದಿನ ಸೈಕಲ್ಲಿನಿಂದ ಲಾರಿವರೆಗೆ ಎಲ್ಲರಿಗೂ ಮುಳ್ಳೇ.

ಖರೀದಿಗೆ ಮುಂಚೆ ಗಾಲಿ ಯಾವ ಥರದ್ದು ಎಂದು ನೋಡಿ. ಅಲಾಯ್ ಗಾಲಿಗೆ ಟ್ಯೂಬ್‌ಲೆಸ್ ಟೈರು, ಮುಳ್ಳು ಕಿತ್ತು ಪ್ಲಗ್ ಹಾಕಿದರೆ ಐದು ನಿಮಿಷದ ಕೆಲಸ. ಆದರೆ ದೊಡ್ಡ ಗುಂಡಿಗೆ ಬಿದ್ದರೆ ಅಲಾಯ್ ಬಿರುಕು ಬಿಡಬಹುದು. ಸ್ಪೋಕಿನ ಗಾಲಿ ಪೆಟ್ಟು ತಡೆಯುತ್ತದೆ, ಸೊಟ್ಟಗಾದರೂ ಬಡಿದು ಸರಿಮಾಡಬಹುದು. ಟ್ಯೂಬ್ ಇದ್ದರೆ ಮಾತ್ರ ಗಾಲಿ ಬಿಚ್ಚಬೇಕು, ಕುಷ್ಟಗಿ, ಮಸ್ಕಿ, ದೇವದುರ್ಗದಂಥ ಊರಲ್ಲಿ 21 ಇಂಚಿನ ಟ್ಯೂಬು ಸಿಗುವುದಿಲ್ಲ, ಬಿಡಿ ಟ್ಯೂಬು ಜೊತೆಗಿರಲೇಬೇಕು. ಸ್ಪೋಕ್ ಇದ್ದೂ ಟ್ಯೂಬ್‌ಲೆಸ್ ಆಗಿರುವ ಗಾಲಿ ಎರಡೂ ಕಡೆಯ ಒಳ್ಳೆಯದನ್ನು ಕೊಡುತ್ತದೆ. ಅದಕ್ಕೆ ಕೇಳುವ ಹೆಚ್ಚಿನ ದುಡ್ಡನ್ನು ನಾನಾದರೆ ಹಿಂದೆಮುಂದೆ ನೋಡದೆ ಕೊಡುತ್ತೇನೆ.

ಚಿಕ್ಕ ಏರ್ ಪಂಪು, ಪ್ಲಗ್ ಕಿಟ್ಟು ಎರಡೂ ಸೀಟಿನ ಕೆಳಗಿರಲಿ.

ಸರ್ವಿಸ್ ಎಲ್ಲಿ ಮಾಡಸ್ತೀರಿ?

ಸಿಂಗಲ್ ಸಿಲಿಂಡರಿನ ದೇಶಿ ಬೈಕಿಗೆ ದೂರ ಹೋಗಬೇಕಾಗಿಲ್ಲ. ಎರಡು ಸಿಲಿಂಡರಿನ ಜಪಾನ್ ಬೈಕು ಕೊಂಡರೆ ಬಳ್ಳಾರಿಯವರು ಬೆಂಗಳೂರಿಗೆ ಸುಮಾರು 300 ಕಿ.ಮೀ., ರಾಯಚೂರಿನವರು ಹೈದರಾಬಾದಿಗೆ 200 ಚಿಲ್ಲರೆ ಕಿ.ಮೀ. ಹೋಗಿಬರುವ ಲೆಕ್ಕ ಹಿಡಿಯಬೇಕು. ಪೆಟ್ರೋಲು, ಒಂದು ದಿನದ ದುಡಿಮೆ, ಕೆಲವೊಮ್ಮೆ ಲಾಡ್ಜು, ಇದೆಲ್ಲ ಸರ್ವಿಸ್ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ನಮ್ಮ ಗೆಳೆಯರೊಬ್ಬರ ಬೈಕಿನ ಕ್ಲಚ್ ಲಿವರ್ ಮುರಿದು, ಬಿಡಿಭಾಗ ಬರಲಿ ಎಂದು ವಾರಗಟ್ಟಲೆ ಮನೆ ಮುಂದೆ ಹೊದಿಕೆ ಹಾಕಿ ನಿಂತಿತ್ತು. ಲಿವರ್, ಫಿಲ್ಟರ್, ಬ್ರೇಕ್ ಪ್ಯಾಡುಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ.

ಧೂಳಿಗೆ ಏನ್ ಮಾಡ್ಬೇಕು?

ಸಂಡೂರು, ದೋಣಿಮಲೈ ಕಡೆ ದಿನಾ ಓಡಾಡುವವರು ಏರ್ ಫಿಲ್ಟರಿನ ವಿಷಯದಲ್ಲಿ ಕಂಪನಿಯ ಪುಸ್ತಕದ ಕಿಲೋಮೀಟರ್ ಕಾಯಬಾರದು. ಅದಿರಿನ ಪುಡಿ ಬಹಳ ನವುರು, ಫಿಲ್ಟರಿನ ಮಡಿಕೆಗಳೆಲ್ಲ ಕೆಂಪಾಗಿ ಕೂರುತ್ತದೆ, ಬೈಕು ಎಳೆಯುವುದು ಕಮ್ಮಿಯಾಗಿ ಪೆಟ್ರೋಲು ಕುಡಿಯುತ್ತದೆ. ಕಾಗದದ ಫಿಲ್ಟರಾದರೆ ತೊಳೆಯಬೇಡಿ, ಬದಲಿಸಿ. ಸ್ಪಂಜಿನದಾದರೆ ತೊಳೆದು ಫಿಲ್ಟರ್ ಎಣ್ಣೆ ಹಚ್ಚಬಹುದು.

ಚೈನಿಗೆ ಹಳೇ ಎಂಜಿನ್ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿ ಇದೆ. ಆ ಎಣ್ಣೆಗೆ ಧೂಳು ಹತ್ತಿ ಮರಳು ಕಾಗದವಾಗುತ್ತದೆ, ಸ್ಪ್ರಾಕೆಟ್ ಹಲ್ಲು ಬೇಗ ಸವೆಯುತ್ತದೆ. ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿದ ಅರಿವೆಯಿಂದ ಒರೆಸಿ, ಒಣಗಿಸಿ, ಚೈನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ಪೆಟ್ರೋಲಿನಲ್ಲಿ ತೊಳೆಯಬಾರದು, ಚೈನಿನ ಕೊಂಡಿಗಳೊಳಗೆ ಇರುವ ರಬ್ಬರ್ ರಿಂಗುಗಳು ಹಾಳಾಗುತ್ತವೆ.

ಜಾಕೆಟ್, ಬೂಟು ಬೇಕೇ ಬೇಕಾ? ಈ ಬಿಸಿಲಾಗ?

ಬೇಕು. ಜಾಲರಿಯ ಜಾಕೆಟ್ ಸಿಗುತ್ತದೆ, ಓಡುವಾಗ ಗಾಳಿ ಆಡುತ್ತದೆ, ಒಳಗಿನ ಬನಿಯನ್ ಒದ್ದೆ ಮಾಡಿಕೊಂಡರೆ ಇನ್ನೂ ತಂಪು. ಬಳ್ಳಾರಿ ಜೀನ್ಸಿನ ಊರು ನಿಜ, ಆದರೆ ಸಾದಾ ಜೀನ್ಸ್ ಟಾರಿಗೆ ಉಜ್ಜಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹರಿದು ಚರ್ಮ ಹೊರಗೆ ಬರುತ್ತದೆ. ಕಾಲಿಗೆ ಹವಾಯಿ ಚಪ್ಪಲಿ ಹಾಕಿ ಇಂಥ ಬೈಕು ಓಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. 196 ಕಿಲೋ ಕಾಲಿನ ಮೇಲೆ ಬಿದ್ದರೆ ಏನಾದೀತು? ಬಜೆಟ್ಟಿನಲ್ಲಿ ಮೊದಲು ಹೆಲ್ಮೆಟ್ಟು ಬೂಟು, ಕ್ರ್ಯಾಶ್ ಗಾರ್ಡು ಆಮೇಲೆ, ಫಾಗ್ ಲೈಟು ಕೊನೆಗೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ.

ಬಿದ್ರ ಎತ್ತೋದು ಹ್ಯಾಂಗ?

ಮೊದಲು ಎಂಜಿನ್ ಬಂದ್ ಮಾಡಿ. ಬೈಕು ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ಬೈಕು ಎಡಕ್ಕೆ ಉರುಳುತ್ತದೆ. ಗೇರಿನಲ್ಲಿಡಿ, ಗಾಲಿ ಸರಿಯುವುದಿಲ್ಲ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಈಗ ಬೈಕಿಗೆ ಬೆನ್ನು ಮಾಡಿ, ಪೃಷ್ಠವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಬನ್ನಿ. ಸೊಂಟದಿಂದ ಎತ್ತಲು ಹೋದರೆ ಬೈಕು ಏಳುವುದಿಲ್ಲ, ನೀವೂ ಏಳುವುದಿಲ್ಲ. ಒಣಗಿದ ಕೆರೆ ಅಂಗಳದಲ್ಲಿ ಗೆಳೆಯರಿದ್ದಾಗ ಒಮ್ಮೆ ಮಲಗಿಸಿ ಎತ್ತಿ ಕಲಿತುಕೊಳ್ಳಿ.

ಹತ್ತಿರದಾಗ ಎಲ್ಲೆಲ್ಲಿ ಹೋಗಬಹುದು?

ಒಂದು ಬೆಳಗ್ಗೆ ಇದ್ದರೆ ಸಾಕು ಅನ್ನುವಷ್ಟು ಜಾಗಗಳಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರು ಕುಮಾರಸ್ವಾಮಿ ಬೆಟ್ಟ, ನಾರಿಹಳ್ಳ. ಆನೆಗೊಂದಿ, ಸಣಾಪುರ ದಾರಿಯಲ್ಲಿ ಬಂಡೆಗಳ ನಡುವೆ ಭತ್ತದ ಹಸಿರು. ಹಿರೇಬೆಣಕಲ್ ಮೋರೇರ ಗುಡ್ಡದ ಶಿಲಾಸಮಾಧಿಗಳಿಗೆ ಬೈಕು ಕೆಳಗೆ ಬಿಟ್ಟು ನಡೆದೇ ಹತ್ತಬೇಕು. ಕುಕನೂರಿನ ಹತ್ತಿರ ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ಇದೆ.

ನನಗೆ ಇಷ್ಟವಾದ ದಾರಿ ರಾಯಚೂರು ಜಿಲ್ಲೆಯದು: ಮಸ್ಕಿ, ಮುದಗಲ್ಲು, ಲಿಂಗಸುಗೂರು, ಜಲದುರ್ಗ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿಯೇ ಮೊದಲ ಸಲ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಓದಲು ಸಿಕ್ಕಿದ್ದು. ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರು. ಹಟ್ಟಿಯ ಗಣಿ ಇವತ್ತಿಗೂ ಅದೇ ಸೀಮೆಯಲ್ಲಿ ನಡೆಯುತ್ತಿದೆ. ಜಲದುರ್ಗ ಕೃಷ್ಣೆಯ ನಡುಗಡ್ಡೆಯ ಕೋಟೆ, ಕೊನೆಯ ದಾರಿ ಒರಟು, ಈ ಬೈಕಿಗೆ ಹೇಳಿ ಮಾಡಿಸಿದ್ದು. ಲಿಂಗಸುಗೂರಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಹೊರಟರೆ ಮಧ್ಯಾಹ್ನದೊಳಗೆ ಸಿಂಧನೂರು.

ಬೈಕು ಎಲ್ಲಿಗೂ ಹತ್ತುತ್ತದೆ ಎಂದು ಹಂಪಿಯ ಬಂಡೆಗಳ ಮೇಲೆ, ದರೋಜಿ ಕರಡಿಧಾಮದ ಕುರುಚಲು ಕಾಡಿನೊಳಗೆ ನುಗ್ಗಿಸುವುದು ಬೇಡ. ಹೊಲದ ಬದುವಿನ ಮೇಲೂ ಬೇಡ, ಬೆಳೆಯಿರುವ ಹೊಲದಲ್ಲಂತೂ ಯಾವ ಕಾರಣಕ್ಕೂ ಬೇಡ.

ಸಂಜೆ ಕತ್ತಲಾಗುವ ಮುಂಚೆ ಊರು ಸೇರಿ. ಹತ್ತಿ, ಭತ್ತ ಹೇರಿದ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಖಂಡಿತ. ಶೋಕಿಗೆ ಕೊಂಡು ತೂಕ ತಾಳಲಾರದೆ ಮಾರುವವರು ಬಹಳ ಇದ್ದಾರೆ, ಕಡಿಮೆ ಓಡಿದ ಬೈಕು ಸಿಗುತ್ತದೆ. ನೋಡಬೇಕಾದ್ದು ಇಷ್ಟು: ಹ್ಯಾಂಡಲ್ ನೇರ ಇದೆಯೇ, ಮುಂದಿನ ಫೋರ್ಕಿನ ಸೀಲಿನಲ್ಲಿ ಎಣ್ಣೆ ಜಿನುಗಿದೆಯೇ, ಬ್ಯಾಷ್ ಪ್ಲೇಟಿನ (ಎಂಜಿನ್ ಕೆಳಗೆ ಕಾಪಿಗೆ ಇರುವ ತಗಡು) ತಳ ಎಷ್ಟು ಜಜ್ಜಿದೆ, ಗಾಲಿ ತಿರುಗಿಸಿದಾಗ ಓಲಾಡುತ್ತದೆಯೇ, ಏರ್ ಫಿಲ್ಟರ್ ಡಬ್ಬಿಯೊಳಗೆ ಕೆಂಪು ಪುಡಿ ಇದೆಯೇ. ಡಬ್ಬಿಯ ಒಳಭಾಗದಲ್ಲಿ, ಫಿಲ್ಟರಿನ ಆಚೆ ಬದಿಗೂ ಪುಡಿ ಕಂಡರೆ ಅದು ಎಂಜಿನ್ನಿಗೂ ಹೋಗಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಸಾಲ ತೀರಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದಾರಾ ಅದನ್ನೂ ನೋಡಿ.

ಟೆಸ್ಟ್ ರೈಡ್ ಹತ್ತು ನಿಮಿಷ ಕೊಡ್ತಾರ. ಅಷ್ಟರಾಗ ಏನ್ ನೋಡ್ಲಿ?

ಶೋರೂಮಿನವರು ತೋರಿಸುವ ನೆಟ್ಟನೆ ರಸ್ತೆಯಲ್ಲಿ 100 ಮುಟ್ಟಿಸಿ ಖುಷಿಪಡಬೇಡಿ, ಅದು ಎಲ್ಲ ಬೈಕಿಗೂ ಬರುತ್ತದೆ. ಹತ್ತಿರದ ಕೆಟ್ಟ ರಸ್ತೆ ಹುಡುಕಿ ಒಂದು ಹಂಪನ್ನು ಕೂತು ದಾಟಿ, ಇನ್ನೊಂದನ್ನು ಫುಟ್‌ರೆಸ್ಟ್ ಮೇಲೆ ನಿಂತು ದಾಟಿ. ನಿಂತಾಗ ಹ್ಯಾಂಡಲಿಗಾಗಿ ಬಗ್ಗಬೇಕಾಗಿ ಬಂದರೆ ನಿಮ್ಮ ಎತ್ತರಕ್ಕೆ ಅದು ಸರಿಯಿಲ್ಲ, ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸಬೇಕಾಗುತ್ತದೆ. ಎರಡನೇ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿಸಿ, ಎಂಜಿನ್ ಗುದ್ದಾಡದೆ ಎಳೆಯುತ್ತದೆಯೇ ನೋಡಿ, ಜಾತ್ರೆ ಗದ್ದಲದಲ್ಲಿ ಬೇಕಾಗುವುದು ಅದೇ. ಅಗಲ ಇರುವ ಕಡೆ ಒಂದೇ ಸಲಕ್ಕೆ ಯು-ಟರ್ನ್ ತೆಗೆಯಿರಿ. ಸಾಧ್ಯವಾದರೆ ಮನೆಯವರನ್ನು ಹಿಂದೆ ಕೂರಿಸಿಕೊಂಡೇ ಹೋಗಿ. ವಾಪಸ್ ಬಂದ ಮೇಲೆ ಎಂಜಿನ್ ಆರಿಸಿ, ಇಳಿದು, ಶೋರೂಮಿನ ಇಳಿಜಾರಿನಲ್ಲಿ ಒಬ್ಬರೇ ಹಿಂದಕ್ಕೆ ತಳ್ಳಿ ನಿಲ್ಲಿಸಲು ನೋಡಿ. ಆಗದಿದ್ದರೆ ಇಪ್ಪತ್ತು ಕಿಲೋ ಹಗುರದ್ದನ್ನು ಕೇಳಿ. ಆದರೂ ಮುಂಗಡ ಅವತ್ತೇ ಕಟ್ಟಬೇಡಿ.